ಬಾಯಿ ಕಟ್ಟಿದ ಹುಳ

ಫಿಜಿಯ ಸಿಗಟೋಕಾ ಊರಿನ ಆಸ್ಪತ್ರೆಯಲ್ಲಿ ಔಷಧಿ ಕಿಟಕಿಯ ಮುಂದೆ ಸಾಲು ನಿಂತಿತ್ತು. ಮೇರೆವಾಲೆಸಿಯ ಮುಂದೆ ಗಂಡ ಹೆಂಡತಿ ಇಬ್ಬರು. ಗಂಡನ ಬಲಗೈ ಗೆಣ್ಣುಗಳಿಗೆ ಬ್ಯಾಂಡೇಜು.

“ತಂಗಿ ಮಗನ ದವಡೆ ಮುರಿಯೋಕೆ ನಿನಗೆ ಕೈಯಾದ್ರೂ ಹೇಗೆ ಬಂತು?”

“ನಮ್ಮಲ್ಲಿ ಅಳಿಯ ಕೇಳಿದ್ದಕ್ಕೆ ಮಾವ ಇಲ್ಲ ಅನ್ನೋ ಹಾಗಿಲ್ಲ ಅಂತ ಎಲೆಕೋಸಿನ ಹೊಲಾನೇ ಅವನ ಹೊಸ ಹುಳದ ಔಷಧಿ ಪರೀಕ್ಷೆಗೆ ಬಿಟ್ಟೆ. ಔಷಧಿ ಹೊಡೆದ ಮಾರನೇ ದಿನವೂ ಹುಳ ಎಲೆ ಮೇಲೇ ಹರಿದಾಡ್ತಿದ್ವು. ‘ಸ್ವಲ್ಪ ತಡ್ಕೋ ಮಾವ’ ಅಂತ ನಕ್ಕ. ಆ ನಗೂಗೆ ಗುದ್ದಿದೆ.”

“ಬಿದ್ದ ಮೇಲೂ ಒದ್ದೆ.”

“ಒದ್ದೆ. ಇನ್ನೂ ಒದೀತಿದ್ದೆ, ನೀನು ಬಂದು ಹಿಡ್ಕೊಂಡೆ.”

ಮೇರೆವಾಲೆಸಿ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಹೆಂಡತಿ ಮಾತು ಮುಂದುವರಿಸಿದಳು.

“ಬೆಳಿಗ್ಗೆ ಹೊಲಕ್ಕೆ ಹೋಗಿದ್ದೆ. ಒಂದೆಲೆಗೂ ಹೊಸ ತೂತಿಲ್ಲ. ಆ ಔಷಧಿ ಮೊದಲು ಹುಳದ ಬಾಯಿ ಕಟ್ಟುತ್ತಂತೆ, ಜೀವ ಆಮೇಲೆ ಹೋಗೋದು. ನೀನು ನೋಡಿದಾಗ ಅವು ಬದುಕಿದ್ವು, ತಿಂತಿರಲಿಲ್ಲ ಅಷ್ಟೇ.”

ಕಿಟಕಿಯಿಂದ ಅಳಿಯ ಇನೊಕೆಯ ಹೆಸರು ಕೂಗಿದರು. ಹೆಂಡತಿ ಔಷಧಿ ಬಾಟಲಿ ತೆಗೆದುಕೊಂಡು ವಾರ್ಡಿನ ಕಡೆ ನಡೆದಳು. ಗಂಡ ತಲೆ ತಗ್ಗಿಸಿ ಹಿಂದೆ ಹೋಗುತ್ತಾ ಕೇಳಿದ.

“ಹೇಗಿದ್ದಾನೆ ಹುಡುಗ?”

ಅವಳು ತಿರುಗಿ ನೋಡಲಿಲ್ಲ.

“ಹಲ್ಲಿಗೆ ಹಲ್ಲು ಸೇರಿಸಿ ತಂತಿ ಬಿಗಿದಿದ್ದಾರೆ. ಬದುಕಿದ್ದಾನೆ. ತಿಂತಿಲ್ಲ ಅಷ್ಟೇ.”