ನಳಿಗಿಯೊಳಗಿನ ಎಂಜಲು

ಎಲ್ಲಾರ್ದೂ ಊಟ ಆಗ್ಯಾದ? ಆಗಿದ್ರ ಹೇಳ್ತೇನಿ. ಉಣ್ಣಾದು ಉಳದವ್ರು ಮೊದಲು ಎದ್ದು ಉಂಡು ಬರ್ರಿ... ಆಮ್ಯಾಲ ತುತ್ತು ಇಳಿಲಿಲ್ಲಂತ ಈ ಸುಭದ್ರಾಬಾಯಿ ಮ್ಯಾಲ ಹಾಕಬ್ಯಾಡ್ರಿ. ಏ, ನಗಬ್ಯಾಡ್ರಿ! ನಮ್ಮ ಗ್ವಾಡಿ ಆಚಿ ಮನ್ಯಾಗ ಆದದ್ದಿದು.

ಮುನೀರೋದ್ದೀನ ಚಾಚಾ ಗೊತ್ತಲ್ಲ, ಬಿದ್ರಿ ಕೆಲಸದವ್ರು. ಬಾಯಾಗ ಒಂದು ಹಲ್ಲಿಲ್ಲ, ರೊಟ್ಟಿ ಚಹಾದಾಗ ನೆನಸಿ ನುಂಗ್ತಾರ. ಆದ್ರ ನಾಲಿಗಿ ಮಾತ್ರ ಬಂಗಾರ. ಬಿದ್ರಿ ಸಾಮಾನು ಕಪ್ಪಾಗ್ಬೇಕಂದ್ರ ಕಿಲ್ಲಾದ ಮಣ್ಣು ಬೇಕು. ಯಾವ ಮಣ್ಣು ಆದೀತು ಅನ್ನೋದು ನಾಲಿಗಿಗಿ ಹಚ್ಚೇ ನೋಡ್ಬೇಕು. ಓಣಿ ಮಂದಿ ಎಲ್ಲಾ ಮಣ್ಣು ತಗೊಂಡು ಚಾಚಾನ ಹಂತ್ಯಾಕೇ ಬರ್ತಿದ್ರು. ಆ ನಾಲಿಗಿ ಮ್ಯಾಲೇ ಅವ್ರ ಒಲಿ ಉರೀತದ.

ಹೋದ ಥಂಡ್ಯಾಗ ಚಾಚಾ, ನಮ್ಮನಿಯವ್ರು ಕೂಡಿ ಭಾಲ್ಕಿಗಿ ಹೋಗಿದ್ರು. ಬರೋದು ತಡ ಆತು. ನೌಬಾದದಾಗ ಬಸ್ ಇಳದು ನಡಕೋತ ಹೊಂಟಾರ. ಚಾಚಾನ ಚೀಲದಾಗ ಒಂದು ಪಿಸ್ತೂಲು. ಚಕಮಕಿ ಕಲ್ಲಿಂದು, ಜರ್ಮನಿ ಫೌಜಿಂದು, ಎರಡೂವರಿ ನೂರು ವರ್ಷದ ಹಿಂದಿಂದು. ಹಿಡಿಕಿ ತುದಿಗಿ ಹಿತ್ತಾಳಿ. ಭಾಲ್ಕ್ಯಾಗ ಹಳೇ ಸಾಮಾನು ಮಾರೋ ಕಲೀಮ ಕೊಟ್ಟಿದ್ದ. ಗುಂಡು ಹಾರೋ ನಳಿಗಿ ಸಾಫ್ ಮಾಡಿ, ಮ್ಯಾಲ ಬೆಳ್ಳಿ ತಂತಿ ಕೂಡಸಿ ಕೊಡ್ರಿ, ನಿಜಾಮಂದಂತ ಮಾರ್ತೇನಿ ಅಂದಿದ್ದ. ಅವನ ಬಾಯಿಗಿ ಮಣ್ಣು ಹಾಕ!

ಹಳೇ ಬಾವಿ ಹಂತ್ಯಾಕ ಬಂದ್ರು...

ಚರ್ರ್... ಯಾರೋ ಹಲ್ಲಿಲೆ ಕಾಗದ ಹರದಂಗ. ಆಮ್ಯಾಲ ‘ಥೂ’ ಅಂತ ಉಗುಳಿದ್ದು. ಆಮ್ಯಾಲ ಕೊಳವಿಯೊಳಗ ಕಡ್ಡಿ ಹಾಕಿ ಜಡದಂಗ... ಟಕ್. ಟಕ್.

“ಮಚ್ಛೇಂದ್ರ... ಕೇಳಸ್ತಾ?” ಅಂತ ಚಾಚಾ ನಮ್ಮನಿಯವ್ರಿಗಿ ಕೇಳಿದ್ರು.

“ಮಾತಾಡಬ್ಯಾಡ್ರಿ ಚಾಚಾ. ನಡೀರಿ.”

ಬಾವಿ ಕಟ್ಟಿ ಮ್ಯಾಲ ಯಾರೂ ಇದ್ದಿಲ್ಲ. ನಮ್ಮನಿಯವ್ರು ಮನಿಗಿ ಬಂದು ನೀರು ಸುದ್ದ ಕುಡಿಲಾರದೆ ಮಕ್ಕೊಂಡ್ರು.

ಮರದಿನ ಮುಂಜಾನಿ ಚಾಚಾ ಅಂಗಳದಾಗ ಕುಂತು ನಳಿಗಿಯೊಳಗ ತಂತಿ ಹಾಕಿ ಕೆದರಿದ್ರು. ನಾನು ಗ್ವಾಡಿ ಈಚಿ ಬಟ್ಟಿ ಒಣ ಹಾಕ್ಲಾಕ ಹತ್ತಿದ್ದೆ, ಕಣ್ಣಾರೆ ನೋಡೇನಿ. ಕರ್ರನ್ನ, ಜಿಗಟ ಮಣ್ಣು ಬಿತ್ತು. ಮ್ಯಾಲ ಬೆಳ್ಳಗ ಉಪ್ಪು ಕಟ್ಟಿತ್ತು. ಚಾಚಾನ ಬಟ್ಟು ತಾನೇ ಅದರ ಮ್ಯಾಲ ಹೋತು, ಅಲ್ಲಿಂದ ನಾಲಿಗಿಗಿ. ಜನ್ಮದ ರೂಢಿ, ಏನ್ ಮಾಡ್ತೀರಿ!

“ಕಿಲ್ಲಾದ ಮಣ್ಣಿನ ರುಚಿನೇ ಅದ...” ಅಂದು ಇನ್ನೊಮ್ಮಿ ನೆಕ್ಕಿದ್ರು.

ಅಷ್ಟರಾಗ ತಂತಿಗಿ ಸಿಕ್ಕೊಂಡು ಒಂದು ಉಂಡಿ ಹೊರಗ ಬಂತು. ಕಾಗದದ್ದು. ಅಗದು ಅಗದು ಉಗುಳಿದ ಪಾನಿನಂಗ ಇತ್ತು. ಅದರಾಗ ಒಂದು ಹಲ್ಲು... ಹಳದಿ ಹಲ್ಲು, ಬುಡಕ್ಕ ಕರೀ ಮಾಂಸ ಒಣಗಿ ಅಂಟಿತ್ತು. ಛೀ ಛೀ ಛೀ!

“ಥೂಕೋಜೀ! ಥೂಕೋ!” ಅಂತ ಹಾಜಿರಾಬೀ ಒದರಿದಳು, ಚಾಚಾನ ಹೆಂಡ್ತಿ. ಎಲ್ಲಿ ಉಗುಳ್ತಾರ? ನುಂಗ್ಯಾರ.

ಕಲೀಮಗ ಫೋನ್ ಹಚ್ಚಿದ್ರ ಅಂವ ಖೊಕ್ಕಂತ ನಕ್ಕ. “ಆಗ ಬಂದೂಕಿನ ಮದ್ದು ಕಾಗದದಾಗ ಸುತ್ತಿಡ್ತಿದ್ರು ಚಾಚಾ. ಸಿಪಾಯಿ ಹಲ್ಲಿಲೆ ಕಡದು ಹರದು, ಮದ್ದು ಸುರದು, ಕಾಗದಾನೂ ಒಳಗೇ ಜಡೀತಿದ್ದ. ಹಲ್ಲು ಹ್ಯಾಂಗ ಹೋತೋ ನನಗೇನು ಗೊತ್ತು?”

ಅಂದ್ರ ಏನಾತು? ಸತ್ತವನ ಎಂಜಲು ತಿಂದಂಗಾತು.

ಅವತ್ತಿನಿಂದ ಚಾಚಾಗ ಏನು ತಿಂದ್ರೂ ಒಂದೇ ರುಚಿ. ಯಾರದೋ ಕೊಳತ ಬಾಯಿದು. ಚಹಾ ಕುಡದ್ರೂ ಅದೇ, ಬೇಳಿ ಉಂಡ್ರೂ ಅದೇ. ಅವ್ರು ಛಲೋ ಅದ ಅಂದ ಮಣ್ಣಿನಾಗ ಕುದಿಸಿದ ಸುರಾಯಿ ಹೂಜಿಗಳು ಕಪ್ಪಾಗ್ಲಾರದೆ ಬೂದಿ ಬಣ್ಣಕ್ಕ ಬಂದವು. ಓಣಿ ಮಂದಿ ಮಣ್ಣು ತರೋದು ಬಿಟ್ರು. “ಬೇಟಿ, ನಾಲಿಗಿ ಸತ್ತದ” ಅಂತ ನನ್ನ ಮುಂದ ಕಣ್ಣೀರು ಹಾಕಿದ್ರು. ಆ ಕೊಳತ ವಾಸನಿ ಅವ್ರ ಬಾಯಿಲೆ ನನಗೂ ಬಡೀತು.

ಚಾಚಾ ಹಲ್ಲು, ಕಾಗದ ಎಲ್ಲಾ ತಿರುಗಿ ನಳಿಗಿಯೊಳಗ ಜಡದು ಪಿಸ್ತೂಲು ಕಲೀಮಗ ಕೊಟ್ಟು ಬಂದ್ರು. ಏನೂ ಫರಕ್ ಬೀಳಲಿಲ್ಲ. ಅದರ ಮ್ಯಾಲ ರಾತ್ರಿ ಅವ್ರ ಅಡಗಿ ಮನ್ಯಾಗ ಸಪ್ಪಳ... ಕರ್, ಕರ್. ಕಟಕ ರೊಟ್ಟಿ ಅಗದಂಗ.

ಹಾಜಿರಾಬೀ ಗಟ್ಟಿ ಹೆಣಮಗಳು. “ಸುಭದ್ರಾ, ಆ ಸತ್ತ ಸಿಪಾಯಿ ಎಂಜಲು ಇವ್ರು ತಿಂದಾರ. ಈಗ ಇವ್ರ ತಾಟಿನಾಗ ಅವಂದೂ ಪಾಲದ” ಅಂದಳು. ಅವತ್ತ ರಾತ್ರಿ ಚಾಚಾ ಉಂಡ ತಾಟಿನಾಗೇ ಒಂದು ರೊಟ್ಟಿ ಇಟ್ಟು ಮಕ್ಕೊಂಡಳು.

ಮುಂಜಾನಿ ಚಾಚಾ ಚಹಾ ಕುಡದು, “ಸಕ್ಕರಿ ಹೆಚ್ಚಾಗ್ಯಾದಲ್ಲೇ!” ಅಂದ್ರು. ಹಾಜಿರಾಬೀ ಅಲ್ಲೇ ಕುಂತು ಅತ್ತಳು. ಅವತ್ತಿನ ಸುರಾಯಿ ಕಾಡಿಗಿಯಂಗ ಕಪ್ಪಾದವು.

ಈಗ ದಿನಾ ಇಡ್ತಾಳ. ಒಮ್ಮಿ ಕಮಠಾಣಕ್ಕ ಲಗ್ನಕ್ಕ ಹೋಗಿ ರೊಟ್ಟಿ ಇಡಲಿಲ್ಲ, ಮರದಿನ ನಾಲಿಗಿ ಮತ್ತ ಸತ್ತಿತ್ತು. ಅದಕ ಅಸಹ್ಯ ಆದ್ರೂ ಇಡ್ತಾಳ ಪಾಪ. ಮುಂಜಾನಿ ಆ ಕಚ್ಚಿದ ರೊಟ್ಟಿ ಇಕ್ಕಳದಿಂದ ಹಿಡದು ಗ್ವಾಡಿ ಮ್ಯಾಲ ಇಡ್ತಾಳ. ನಾಯಿಗಿ ಹಾಕಿದ್ರ ನಾಯಿ ಮೂಸಿ ಕುಂಯ್‌ಗುಟ್ಟಿ ಓಡ್ತದ.

ಇವತ್ತೂ ಇಟ್ಟಾಳ. ಸೆರಗು ಮೂಗಿಗಿ ಹಿಡದು ಹಂತ್ಯಾಕ ಹೋಗಿ ನೋಡಿದೆ. ಹಲ್ಲಿನ ಗುರ್ತು ಸಾಲಾಗಿ ಅದಾವ, ಮುಂದ ನಡಬರಕ ಒಂದು ಹಲ್ಲಿನ ಜಾಗ ಖಾಲಿ. ಹಾಜಿರಾಬೀಗಿ ಬಾಯಿ ತೆರಿ ಅಂದೆ, ಆಕಿವೆಲ್ಲಾ ಬರೋಬರಿ ಅದಾವ. ಚಾಚಾಂದು ಹೇಳೇನಲ್ಲ, ಒಂದೂ ಇಲ್ಲ.

ಸುಳ್ಳಂತೀರೇನು? ಟಾರ್ಚ್ ತಗೊಂಡು ಹೋಗ್ರಿ. ರೊಟ್ಟಿ ಇನ್ನಾ ಗ್ವಾಡಿ ಮ್ಯಾಲೇ ಅದ. ಇರುವಿ ಸುದ್ದ ಮುಟ್ಟಿಲ್ಲ.