ನಾಳೆ ಬನ್ನಿ, ಸರ್ ಎವರಾರ್ಡ್

ಮೆಲ್ಲಗೆ ಹೇಳ್ತೀನಿ, ಹತ್ತಿರ ಬನ್ನಿ... ಇದು ನಮ್ಮ ದೊಡ್ಡಪ್ಪನ ಮಗ ಲ್ಯಾಂಬರ್ಟ್‌ಗೆ ಆದದ್ದು. ಥೇಮ್ಸ್ ದಂಡೆಯ ಅರಮನೆಯಲ್ಲಿ ರಾಣಿಯ ಖಾಸಾ ಕೋಣೆಯ ಬಾಗಿಲು ಕಾಯುತ್ತಿದ್ದನಲ್ಲ, ಆಗ.

ಅವತ್ತು ತಡವಾಗಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ. ಹಿಂದಿನ ಅಂಗಳದ ಬಾವಿ ದಾಟಬೇಕು. ಹಿಮ ಬಿದ್ದು ಗಟ್ಟಿಯಾಗಿತ್ತು. ಬೂಟಿನ ಕೆಳಗೆ ಕರುಕ್... ಕರುಕ್. ಬಾವಿಯ ರಾಟೆ ಒಮ್ಮೆ ಕಿರ್ ಅಂತು. ಗಾಳಿ ಇರಲಿಲ್ಲ.

ಬಾವಿಕಟ್ಟೆಯ ಮೇಲೆ ಒಬ್ಬರು ಕೂತಿದ್ದರು. ಇವನನ್ನು ಕಂಡು ಟೋಪಿ ತೆಗೆದು ಎದ್ದು ನಿಂತರು.

"ಯಜಮಾನರೇ... ಒಳಗಿಂದ ಅಪ್ಪಣೆ ಏನಾದರೂ ಬಂತೇ?"

ಲ್ಯಾಂಬರ್ಟ್‌ನ ನಾಲಿಗೆ ಅಭ್ಯಾಸಕ್ಕೆ ತಾನಾಗಿ ಹೊರಳಿತು. "ಇವತ್ತಾಗಲ್ಲ. ನಾಳೆ ಬನ್ನಿ, ಸರ್ ಎವರಾರ್ಡ್."

"ಆಗಲಿ. ನಿಮಗೆ ತೊಂದರೆ ಕೊಟ್ಟೆ."

ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಯಿತು... ಹಿಂದಿನ ವಾರ ಅದೇ ಕಟ್ಟೆಯ ಮೇಲೆ ಸೆಟೆದು ಕೂತಿದ್ದ ಆ ಮುದುಕರ ಹೆಣ ಎತ್ತಿ ಗಾಡಿಗೆ ಹಾಕಿದವರಲ್ಲಿ ತಾನೂ ಒಬ್ಬ.

ಹಿಂದೆ ಆದದ್ದು ಇಷ್ಟು. ಸರ್ ಎವರಾರ್ಡ್‌ರ ಮಗ ರಾಣಿಯ ಸಖಿಯೊಬ್ಬಳನ್ನು ಗುಟ್ಟಾಗಿ ಮದುವೆಯಾಗಿದ್ದ. ನಮ್ಮ ರಾಣಿಯವರು ಗೊತ್ತಲ್ಲ... ಟ್ಯೂಡರ್ ರಾಜವಂಶದ ಬಿಸಿ ರಕ್ತ. ಅವರ ಅಪ್ಪಣೆಯಿಲ್ಲದೆ ಸಖಿಯರು ಒಂದು ರಿಬ್ಬನ್ ಬದಲಾಯಿಸುವಂತಿಲ್ಲ, ಇನ್ನು ಗಂಡನ ಮಾತೇಕೆ! ಹುಡುಗಿ ತವರಿಗೆ ಹೋದಳು, ಹುಡುಗ ಸೆರೆಮನೆಗೆ.

ಮಗನಿಗೆ ಕ್ಷಮೆ ಬೇಡಲು ಮುದುಕರು ಡೆವನ್‌ನಿಂದ ಬಂದರು. ಅವರು ವೆನ್ಸ್‌ಲಿ ಪ್ರಭುವಿನ ಕಡೆಯವರು. ಅರಮನೆಯಲ್ಲಿ ಆಗ ವೆನ್ಸ್‌ಲಿ, ಹಾರ್ಕಂಬ್ ಅಂತ ಇಬ್ಬರು ಪ್ರಭುಗಳ ಎರಡು ಪಕ್ಷ. ನೀನು ವೆನ್ಸ್‌ಲಿಯೋ ಹಾರ್ಕಂಬೋ ಅಂತ ಅಡುಗೆಯವರನ್ನೂ ಕೇಳುತ್ತಿದ್ದರು. ರಾಣಿಯವರು ಒಂದು ದಿನ ಈ ಪ್ರಭುವನ್ನು ನೋಡಿ ನಗುತ್ತಿದ್ದರು, ಇನ್ನೊಂದು ದಿನ ಆ ಪ್ರಭುವನ್ನು. ಇಬ್ಬರ ಮೂಗುದಾರವೂ ಅವರ ಕೈಯಲ್ಲೇ.

ಹಾರ್ಕಂಬ್ ಪ್ರಭುವಿನ ಕಾರ್ಯದರ್ಶಿ ಲ್ಯಾಂಬರ್ಟ್‌ನ ಕಿವಿ ಕಚ್ಚಿದ. "ಆ ಮುದುಕ ಒಳಗೆ ಹೋಗಿ ಅತ್ತರೆ ರಾಣಿಯವರು ಕರಗ್ತಾರೆ. ವೆನ್ಸ್‌ಲಿ ಕೈ ಮೇಲಾಗುತ್ತೆ. ಬಾಗಿಲು ನಿಂದು ತಾನೇ? ನಿನ್ನ ಮಗಳಿಗೆ ನಮ್ಮ ದೊರೆಸಾನಿ ಹತ್ರ ಕೆಲಸ ಆಯ್ತು ಅಂದ್ಕೋ."

ಅಂದಿನಿಂದ ಮುದುಕರು ದಿನವೂ ಬರುವುದು, ಲ್ಯಾಂಬರ್ಟ್ ನಾಳೆ ಬನ್ನಿ ಅನ್ನುವುದು. ಒಂದು ಸಂಜೆ ರಾಣಿಯವರೇ ಕೇಳಿಕಳಿಸಿದರು, ಡೆವನ್‌ನ ಮುದುಕರು ಬಂದಿದ್ದಾರೆಯೇ ಅಂತ. ಅವರು ಬಾಗಿಲಾಚೆ ಕೆಮ್ಮುತ್ತ ನಿಂತಿದ್ದರು. "ಯಾರೂ ಬಂದಿಲ್ಲ" ಅಂದ ಲ್ಯಾಂಬರ್ಟ್. ಹೊರಗೆ ಬಂದು, "ಇವತ್ತು ನೋಡಲ್ಲವಂತೆ. ನಾಳೆ ಬನ್ನಿ" ಅಂದ. ಬೆಳಗ್ಗೆ ಎಲ್ಲರಿಗಿಂತ ಮೊದಲು ತಾವಿರಬೇಕು ಅಂತ ಮುದುಕರು ವಸತಿಗೂ ಹೋಗದೆ ಬಾವಿಕಟ್ಟೆಯ ಮೇಲೆ ಕೂತರು. ಅವತ್ತು ರಾತ್ರಿ ಹಿಮ ಸುರಿಯಿತು...

ಬಾವಿಯ ಹತ್ತಿರ ಕಂಡ ಮರುರಾತ್ರಿ, ಮುದುಕರು ಅರಮನೆಯ ಮೆಟ್ಟಿಲ ಬುಡದಲ್ಲಿ ನಿಂತಿದ್ದರು.

"ಇವತ್ತು...?"

"ನಾ... ನಾಳೆ."

"ಆಗಲಿ."

ಅದರ ಮಾರನೆಯ ರಾತ್ರಿ ಲ್ಯಾಂಬರ್ಟ್ ರಾಣಿಯ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ಕೂತಿದ್ದ. ಎಲ್ಲರೂ ಮಲಗಿದ್ದರು. ನೆಲಕ್ಕೆ ಹಾಸಿದ ಒಣಹುಲ್ಲಿನ ಮೇಲೆ ಸರಕ್... ಸರಕ್... ಆಮೇಲೆ ಕೆಮ್ಮು. ಯಾರಿಗೂ ಎಚ್ಚರವಾಗಬಾರದು ಅಂತ ಅಂಗೈಯಲ್ಲಿ ಅದುಮಿದ ಕೆಮ್ಮು.

ಬೈದಿದ್ದರೆ, ಕತ್ತು ಹಿಸುಕಿದ್ದರೆ ತಡ್ಕೋತಿದ್ದೆ ಅಂತಿದ್ದ ಲ್ಯಾಂಬರ್ಟ್. ಅವರು ಟೋಪಿಯನ್ನು ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದರಂತೆ. ಇವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಾನು ಸುಳ್ಳು ಹೇಳಿದೆ" ಅಂತ ಪಿಸುಗುಟ್ಟಿದ. "ರಾಣಿಯವರು ನಿಮ್ಮನ್ನ ಕೇಳಿದ್ರು. ನಾನೇ... ಬಂದಿಲ್ಲ ಅಂದೆ."

ಮುದುಕರು ಒಂದು ಹೆಜ್ಜೆ ಹತ್ತಿರ ಬಂದರು.

"ನಿಮಗೂ ಮಕ್ಕಳಿರಬೇಕು, ಅಲ್ವೇ?"

"ಒಬ್ಬಳು ಮಗಳು."

"ಪಾಪ... ಈಗ ಬಾಗಿಲು ತೆಗೀತೀರಾ?"

ಅಪ್ಪಣೆಯಿಲ್ಲದೆ ಆ ಬಾಗಿಲು ತೆಗೆದರೆ ಕೆಲಸವಿರಲಿ, ತಲೆಯೇ ಹೋಗಬಹುದು. ಲ್ಯಾಂಬರ್ಟ್ ಚಿಲಕ ಎತ್ತಿದ. ಖಟ್. ಕೊರೆಯುವ ಚಳಿಯೊಂದು ಅವನ ಪಕ್ಕದಿಂದ ಹಾದು ಒಳಗೆ ಹೋಯಿತು.

ಬೆಳಗ್ಗೆ ಹಿರಿಯ ಸಖಿ ಉರ್ಸುಲಾ ಅಮ್ಮ ಹೊರಗೆ ಬಂದರು. ಮುಖ ಬಿಳಿಚಿಕೊಂಡಿತ್ತು.

"ರಾತ್ರಿ ಯಾರನ್ನಯ್ಯಾ ಒಳಗೆ ಬಿಟ್ಟೆ?"

"ಯಾರನ್ನೂ ಇಲ್ಲ, ಅಮ್ಮಾ."

"ಬೆಂಕಿ ಹತ್ರ ಕೂತ್ಕೊಳ್ಳಿ ಅಂತ ರಾಣಿಯವರು ಯಾರಿಗೋ ಹೇಳ್ತಿದ್ರು. ನಾನು ಪರದೆ ಸರಿಸಿ ನೋಡಲಿಲ್ಲ... ನನಗೆ ಧೈರ್ಯ ಬರಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಮುದುಕರ ಮಗನ ಬಿಡುಗಡೆಯಾಯಿತು. ಶಿಫಾರಸು ಯಾರದು ಅಂತ ಎರಡೂ ಪಕ್ಷದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಡುಗ ನೇರ ಲ್ಯಾಂಬರ್ಟ್ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡ.

"ಅಪ್ಪ ಸೆರೆಮನೆಗೆ ಬಂದಾಗೆಲ್ಲ ನಿಮ್ಮ ಮಾತೇ. ಬಾಗಿಲು ಕಾಯುವವರು ಒಳ್ಳೆಯವರು ಕಣೋ, ಒಂದು ದಿನವೂ ಗದರಲಿಲ್ಲ, ಅಂತಿದ್ರು."

ಸತ್ತವರ ಮುಂದೆ ಹೇಳಿದ್ದನ್ನು ಬದುಕಿದ್ದವನ ಮುಂದೆ ಹೇಳಲು ಲ್ಯಾಂಬರ್ಟ್‌ಗೆ ಬಾಯಿ ಬರಲಿಲ್ಲ. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ. ಮಗಳಿಗೆ ಬಂದ ಕೆಲಸ ಬೇಡ ಅಂದ, ತನ್ನದನ್ನೂ ಬಿಟ್ಟ. ಈಗಲೂ ಆ ಹುಡುಗ ಎದುರಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಾನೆ.

ಕಟ್ಟುಕತೆ ಅಂತೀರಾ? ಆಗ ನಮ್ಮ ಅಕ್ಕ ಅರಮನೆಯಲ್ಲಿ ಪಾತ್ರೆ ತೊಳೀತಿದ್ದಳು, ಅವಳನ್ನೇ ಕೇಳಿ. ಆ ಬೆಳಗ್ಗೆ ರಾಣಿಯ ಕೋಣೆಯಿಂದ ಎರಡು ಬಟ್ಟಲು ಬಂದವು, ರಾತ್ರಿ ಬಿಸಿ ಮಾಡಿದ ಶುಂಠಿ ವೈನಿನವು. ಎರಡೂ ಆ ಕೋಣೆಯ ಬೆಂಕಿಯ ಪಕ್ಕದಲ್ಲೇ ಇದ್ದವಂತೆ. ಒಂದು ಖಾಲಿ. ಇನ್ನೊಂದನ್ನು ಅಕ್ಕ ತೊಟ್ಟಿಗೆ ಬಗ್ಗಿಸಿದಳು... ಒಳಗಿದ್ದದ್ದು ಬಟ್ಟಲಿನ ಆಕಾರದಲ್ಲೇ ಬಿತ್ತು. ಟಣ್ ಅಂತ.