ಮಾರ್ಗರೆಟ್ ಹುಡುಕಿದ ಮುತ್ತಾತ

ಅಲ್ಲ ಕಣ್ರೋ, ಆಗಿನ್ನೂ ಈ ಡೌನರ್ಸ್ ಗ್ರೋವ್ ಊರಿಗೆ ಬಂದಿರ್ಲಿಲ್ಲ, ಡೆಟ್ರಾಯಿಟ್ ಹತ್ರ ಬಾಡಿಗೆಗಿದ್ವಿ. ನಿಮ್ಮ ತಾತನ್ನ ಕಾರ್ ಫ್ಯಾಕ್ಟರಿಯಿಂದ ಲೇಆಫ್ ಮಾಡಿದ್ರು. ಇವ್ರು ಒಬ್ರೇ ಅಲ್ಲ, ಬೀದೀಲಿ ಅರ್ಧ ಗಂಡಸರು ಬೆಳಗ್ಗೆ ಹತ್ತು ಗಂಟೆಗೂ ಮನೇಲೇ. ಅದೂ ಎಂಥ ಚಳಿ! ಮೇಲ್ಗಡೆ ಮನೆ ಓನರ್ ಮಾರ್ಗರೆಟ್ ಅಂತ, ಎಂಬತ್ತು ದಾಟಿದ ಮುದುಕಿ, ಒಬ್ಳೇ ಇದ್ಲು. 'ಎರಡು ಕಡೆ ಹೀಟರ್ ಯಾಕೆ ಉರೀಬೇಕು? ಎಲ್ಲಾ ನನ್ನ ಕಿಚನ್‌ಗೆ ಬನ್ನಿ' ಅಂತ ತಾನೇ ಬಂದು ಕರೆದ್ಲು. ಪುಣ್ಯಾತ್ಗಿತ್ತಿ!

ಅವಳ ಟೇಬಲ್ ತುಂಬಾ ಕಾಗದ. ಅವ್ರದ್ದು ಸ್ಕಾಟ್ಲೆಂಡಿಂದ ಬಂದ ಮನೆತನ, ಕಲ್ಲುಕೆಲಸದವ್ರು. ಅವಳ ತಾತ ಜೇಮ್ಸ್ ಅಂತ ಗೊತ್ತು, ಆದ್ರೆ ಹಡಗು ಹತ್ತಿ ಬಂದ ಮುತ್ತಾತನ ಹೆಸರೇ ಗೊತ್ತಿಲ್ಲ. ಹತ್ತು ವರ್ಷದಿಂದ ಚರ್ಚು, ಕೋರ್ಟು ಅಂತ ಪತ್ರ ಬರೆದೂ ಬರೆದೂ... ಛಲ ಅಂದ್ರೆ ಅವಳದ್ದು. ಆ ವರ್ಷ ಡಾಕ್ಟ್ರು, 'ನಿನ್ನ ಕಣ್ಣು ಇನ್ನು ಜಾಸ್ತಿ ದಿನ ಇಲ್ಲ' ಅಂದ್ಬಿಟ್ರು. 'ಕಣ್ಣು ಹೋಗೋದ್ರೊಳಗೆ ಅವನ ಸಮಾಧಿ ಕಲ್ಲು ನಾನೇ ಓದ್ಬೇಕು' ಅಂತ ಹಟ. ನಾನು ಪಕ್ಕ ಕೂತು ಸಣ್ಣ ಅಕ್ಷರ ಓದಿ ಹೇಳ್ತಿದ್ದೆ. ಒಂದು ಸ್ಮಶಾನದ ಪಟ್ಟೀಲಿ ಅವ್ರ ವಂಶದ ಹೆಸರಿರೋ ಮೂರು ಸಮಾಧಿ: ವಿಲಿಯಂ, ರಾಬರ್ಟ್, ಅಲೆಕ್ಸಾಂಡರ್. ಅವ್ಳು ಮೊದಲಿನ ಇಬ್ರ ಹಿಂದೇನೇ ಬಿದ್ದಿದ್ಲು. 'ಅಲೆಕ್ಸಾಂಡರ್ ಯಾಕೆ ಬಿಟ್ರಿ?' ಅಂದೆ. 'ಅದು ನಮ್ಮಪ್ಪನ ಹೆಸರು, ಅವನ್ನ ಹೂಳಿದ್ದು ಶಿಕಾಗೋದಲ್ಲಿ. ಇವ್ನು ಯಾರೋ ಬೇರೆ' ಅಂದ್ಲು. ನಾನೂ ಪೆದ್ದಿ, ಹೌದೇನೋ ಅಂತ ತಲೆ ಆಡ್ಸಿದೆ.

ಒಂದಿನ ನಿಮ್ಮಪ್ಪ, ಆಗ ಐದು ವರ್ಷ, ಅಲ್ಲ ಅಲ್ಲ, ಆರು, ಆ ಕಾಗದದ ಮೇಲೆ ಹಾಲು ಚೆಲ್ಲಿದ. 'ಲೋ ಪುಟ್ಟಾ!' ಅಂತ ಕಿರುಚಿದೆ. 'ಸ್ಕೂಲಲ್ಲಿ ಇವನಿಗೆ ಬೇರೆ ಹೆಸರಿದ್ಯಲ್ಲ, ನೀನ್ಯಾಕೆ ಹಾಗೆ ಕರೆಯಲ್ಲ?' ಅಂದ್ಲು ಮಾರ್ಗರೆಟ್. 'ಅಯ್ಯೋ, ಅದು ನಮ್ಮ ಮಾವನೋರ ಹೆಸರು, ಅದನ್ನ ಹಿಡಿದು ಬೈಯೋಕಾಗುತ್ತಾ? ನಮ್ಮಲ್ಲಿ ಮೊದಲ ಗಂಡುಮಗೂಗೆ ತಾತನ ಹೆಸರೇ ಇಡೋದು' ಅಂದೆ. ಏನೋ ನಗ್ತೀಯ? ಆ ಹೆಸರು ಈಗ್ಲೂ ಬಾಯ್ಬಿಟ್ಟು ಹೇಳಲ್ಲ ಹೋಗೋ!

ಮಾರ್ಗರೆಟ್ ಕಪ್ ಕೆಳಗಿಟ್ಲು. 'ನಮ್ಮಪ್ಪನೂ ನಮ್ಮ ತಾತಂಗೆ ಮೊದಲ ಮಗ' ಅಂದ್ಲು. ಇಬ್ರೂ ಮುಖ ಮುಖ ನೋಡ್ಕೊಂಡ್ವಿ. ಅವಳ ತಾತ ಜೇಮ್ಸ್ ತನ್ನಪ್ಪನ ಹೆಸರನ್ನೇ ಮಗನಿಗೆ ಇಟ್ಟಿದ್ದ! ಅವ್ರಲ್ಲೂ ಅದೇ ಪದ್ಧತಿಯಂತೆ, ಇಲ್ಲಿಗೆ ಬಂದ್ಮೇಲೆ ಮಕ್ಕಳಿಗೆ ಯಾರೂ ಹೇಳೇ ಇಲ್ಲ. ಆ ಸ್ಮಶಾನದ ಚರ್ಚಿಗೆ ಬರೆದ್ವಿ, ಉತ್ತರ ಬಂತು: ಕಲ್ಲುಕೆಲಸದ ಅಲೆಕ್ಸಾಂಡರ್, ಅವನ ಮಗ ಜೇಮ್ಸ್.

ಅದೇ ವಾರ ನಿಮ್ಮ ತಾತ ಡ್ರೈವ್ ಮಾಡ್ಕೊಂಡು ನಮ್ಮನ್ನ ಆ ಸ್ಮಶಾನಕ್ಕೆ ಕರ್ಕೊಂಡೋದ್ರು. ಮೊಣಕಾಲುದ್ದ ಸ್ನೋ. ಅವ್ಳು ಗ್ಲವ್ ಕಿತ್ತೆಸೆದು ಬರಿಗೈಲಿ ಕಲ್ಲು ಒರೆಸಿದ್ಲು. 'ನಾನು ಓದ್ಲಾ?' ಅಂದ್ರೆ 'ಸುಮ್ನಿರು!' ಅಂತ ಗದರಿದ್ಲು. ಮೂಗು ಕಲ್ಲಿಗೆ ತಾಗಿಸ್ಕೊಂಡು ಒಂದೊಂದೇ ಅಕ್ಷರ ತಾನೇ ಓದಿದ್ಲು, ಪೂರ್ತಿ. ನಂಗೆ ಅಳು ತಡೆಯಕ್ಕೇ ಆಗ್ಲಿಲ್ಲ. ನೋಡಿ, ಹೆಸರಿಡೋದೇನು ದೊಡ್ಡದಲ್ಲ, ಅದು ಯಾರದು ಅಂತ ಮಕ್ಕಳಿಗೆ ಹೇಳ್ಬೇಕು. ದೊಡ್ಡೋರು ಹೇಳ್ಲಿಲ್ಲ ಅಂದ್ರೆ ನೀವಾದ್ರೂ ಕೇಳಿ, ನಾವಿರುವಾಗ್ಲೇ ಕೇಳಿ.